ಎಷ್ಟು ಇಂಚು ಅಂತ ಕೇಳೋಕೆ ಮುಂಚೆ

ಹೋದ ಭಾನುವಾರ ಬೆಂಗಳೂರಿಂದ ಅಣ್ಣನ ಮಗ ಫೋನ್ ಮಾಡಿದ್ದ. ಹೊಸದಾಗಿ ಥಾರ್ ತಗೊಂಡಿದ್ದಾನೆ. ತಿಂಗಳಿಗೆ ಒಂದೆರಡು ಸಲ ತೋಟಕ್ಕೆ ಬಂದು ಹೋಗ್ತಾನೆ, ಮುಂದೆ ಇಲ್ಲೇ ಬಂದು ಇರೋ ಯೋಚನೆಯೂ ಇದೆ. "ಚಿಕ್ಕಪ್ಪ, ಲಿಫ್ಟ್ ಕಿಟ್ ಹಾಕಿಸ್ತಿದೀನಿ. 2 ಇಂಚು ಸಾಕಾ, 3 ಇಂಚು ಬೇಕಾ? ನೀವು ಜೀಪಿಗೆ ಹಾಕಿಸಿದ್ರಲ್ಲ, ಹೇಳಿ" ಅಂದ.

ನಾನು ಹಾಕಿಸಿದ್ದೂ ಹೌದು, ತೆಗೆಸಿದ್ದೂ ಹೌದು. ತೆಗೆಸಿದ್ದು ಯಾಕೆ ಅನ್ನೋದು ಅವನಿಗೆ ಪೂರ್ತಿ ಗೊತ್ತಿಲ್ಲ. ಇಲ್ಲಿ ಕಾಫಿ, ಮೆಣಸು, ಮಳೆ ಅಂತ ಏನೆಲ್ಲ ಬರೆದಿದ್ದೀನಿ, ಇದನ್ನ ಮಾತ್ರ ಬರೆದಿರಲಿಲ್ಲ. ಬರೆಯೋಕೆ ಮುಜುಗರ ಆಗ್ತಿತ್ತು, ಅದೇ ಕಾರಣ. ಈಗ ನಮ್ಮ ಕಡೆ ಎರಡು ಜೀಪಿಗೆ ಒಂದು ಜೀಪು ಏರಿಸಿಕೊಂಡು ಓಡಾಡ್ತಿರೋದು ನೋಡಿ, ಬರೆಯದೇ ಇರೋದು ತಪ್ಪು ಅನ್ನಿಸ್ತು.

ನಮ್ಮದು ಸಕಲೇಶಪುರದ ಕಡೆ ಇಳಿಜಾರು ತೋಟ. ಮೇಲೆ ಮನೆ, ಕಣ. ಕೆಳಗೆ ಹಳ್ಳ, ಹಳ್ಳದ ಆಚೆ ಗದ್ದೆ. ನಡುವೆ ಧರೆ ಕಡಿದು ಮಾಡಿದ ಜೀಪ್ ದಾರಿ. ಜೀಪು ಹಳೇ ಎಂಎಂ 540. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಅಂದ್ರೆ ಪ್ಲೇಟು. ಗೊಬ್ಬರ, ಬೋರ್ಡೋ ಡ್ರಂ, ಹಣ್ಣಿನ ಮೂಟೆ, ಜನ, ಎಲ್ಲ ಅದರಲ್ಲೇ.

ಒಂದು ಮಳೆಗಾಲ ಕೆಳಗಿನ ದಾರಿಯಲ್ಲಿ ಜೀಪು ಪದೇ ಪದೇ ಹೊಟ್ಟೆ ತಾಗಿ ನಿಲ್ಲೋಕೆ ಶುರು ಆಯ್ತು. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಚಕ್ರದ ಜಾಡು ಆಳ ಬಿದ್ದು, ನಡುವೆ ದಿಬ್ಬ ಎದ್ದಿತ್ತು. ಒಂದು ವರ್ಕ್‌ಶಾಪ್‌ನಲ್ಲಿ ತೋರಿಸಿದೆ. "ಏರಿಸಿಬಿಡೋಣ ಸಾರ್" ಅಂದ್ರು. ಎಲ್ಲಿ ತಾಗ್ತಿದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಉದ್ದ ಶ್ಯಾಕಲ್ ಹಾಕಿ, ಎರಡೆರಡು ಪ್ಲೇಟು ಜಾಸ್ತಿ ಸೇರಿಸಿ, 3 ಇಂಚು ಏರಿಸಿ ಕೊಟ್ರು. ನೋಡೋಕೆ ಚೆನ್ನಾಗೇ ಕಾಣ್ತಿತ್ತು. ಸಂತೆ ದಿನ ಪೇಟೆಯಲ್ಲಿ ನಿಲ್ಲಿಸಿದ್ರೆ ನಾಲ್ಕು ಜನ ಬಂದು ವಿಚಾರಿಸ್ತಿದ್ರು. ಸುಳ್ಳು ಯಾಕೆ ಹೇಳಲಿ, ಖುಷಿ ಆಗ್ತಿತ್ತು.

ಮನೆಗೆ ತಂದು ಅದೇ ದಾರಿಗೆ ಇಳಿಸಿದೆ. ಅದೇ ಜಾಗದಲ್ಲಿ ಮತ್ತೆ ತಾಗಿ ನಿಂತಿತು!

ಯಾಕೆ ಅಂತ ಆವತ್ತು ಕೆಸರಲ್ಲಿ ಮಲಗಿ ನೋಡಿದ ಮೇಲೇ ತಲೆಗೆ ಹೋಗಿದ್ದು. ಆಕ್ಸಲ್ ನಡುವೆ ಡಿಫರೆನ್ಷಿಯಲ್ ಗುಂಡು ಇರುತ್ತಲ್ಲ, ದಿಬ್ಬಕ್ಕೆ ತಾಗ್ತಿದ್ದಿದ್ದು ಅದು. ಆಕ್ಸಲ್ ಕೂತಿರೋದು ಚಕ್ರದ ಮೇಲೆ. ಸ್ಪ್ರಿಂಗ್ ಎತ್ತರ ಮಾಡಿದ್ರೆ ಆಕ್ಸಲಿಂದ ಮೇಲಿರೋ ಚಾಸಿ, ಬಾಡಿ, ಗೇರ್‌ಬಾಕ್ಸ್ ಏರುತ್ತೆ. ಆಕ್ಸಲ್ ಇದ್ದಲ್ಲೇ ಇರುತ್ತೆ. ನೀವು 3 ಇಂಚು ಏರಿಸಿ, 6 ಇಂಚು ಏರಿಸಿ, ಆ ಗುಂಡು ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೆ ಬರಲ್ಲ. ಅದನ್ನ ಮೇಲೆ ತರೋದು ದೊಡ್ಡ ಟೈರ್ ಮಾತ್ರ. ಅದೂ ಟೈರಿನ ಎತ್ತರ ಎಷ್ಟು ಜಾಸ್ತಿ ಆಯ್ತೋ ಅದರ ಅರ್ಧ. 215/75 ಆರ್ 15 ಟೈರ್ ಸುಮಾರು 703 ಮಿ.ಮೀ. ಎತ್ತರ, 235/75 ಆರ್ 15 ಸುಮಾರು 733. ವ್ಯತ್ಯಾಸ 30, ಆಕ್ಸಲ್ ಏರೋದು 15 ಮಿ.ಮೀ. ಅಷ್ಟಕ್ಕೇ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 62ರ ಮೇಲೆ ಓಡ್ತಿರುತ್ತೆ.

ಅಂದ್ರೆ ನನಗಿದ್ದ ತೊಂದರೆಗೆ ಲಿಫ್ಟ್ ಮದ್ದೇ ಆಗಿರಲಿಲ್ಲ. ದಾರಿಯ ದಿಬ್ಬ ಕೆತ್ತಿ, ಜಾಡಿಗೆ ಕಲ್ಲು ತುಂಬಿದ್ರೆ ಮುಗೀತಿತ್ತು. ಎರಡು ಆಳು, ಎರಡು ದಿನದ ಕೆಲಸ. ಆಮೇಲೆ ಅದನ್ನೇ ಮಾಡಿದ್ದು. ಆದ್ರೆ ದುಡ್ಡು ಕೊಟ್ಟು ಏರಿಸಿದ್ದೀನಿ, ಇಳಿಸೋಕೆ ಮನಸ್ಸು ಬರಲಿಲ್ಲ. ಹಾಗೇ ಓಡಿಸಿದೆ.

ಓಡಿಸ್ತಾ ಒಂದೊಂದೇ ಗೊತ್ತಾಯ್ತು. ಟಾರ್ ರೋಡಲ್ಲಿ 50 ದಾಟಿದ್ರೆ ಸ್ಟೇರಿಂಗ್ ಒಂದು ಕಡೆ ನಿಲ್ತಿರಲಿಲ್ಲ. ಶ್ಯಾಕಲ್ ಉದ್ದ ಆದಾಗ ಮುಂದಿನ ಆಕ್ಸಲ್ ತಿರುಗಿ ಕ್ಯಾಸ್ಟರ್ ಕೋನ ಬದಲಾಗುತ್ತೆ. ಚಕ್ರ ತಾನಾಗೇ ನೇರಕ್ಕೆ ಬರೋ ಗುಣ ಆ ಕೋನದಿಂದಲೇ ಬರೋದು. ಪ್ರೊಪೆಲ್ಲರ್ ಶಾಫ್ಟ್ ಕಡಿದಾಗಿ ಓರೆ ನಿಂತಿದ್ರಿಂದ ಕ್ರಾಸ್ ಬೇಗ ಬೇಗ ಹೋಗ್ತಿತ್ತು. ಖಾಲಿ ಇದ್ದಾಗ ಗಾಡಿ ಮೊಲದ ಹಾಗೆ ಜಿಗೀತಿತ್ತು. ಪ್ಲೇಟು ಜಾಸ್ತಿ ಆಗಿ ಗಡಸಾದಾಗ ಚಕ್ರ ಗುಂಡಿಗೆ ಇಳಿಯಲ್ಲ, ಗಾಳಿಯಲ್ಲಿ ನಿಲ್ಲುತ್ತೆ. ಡಿಫ್ ಲಾಕ್ ಇಲ್ಲದ ಗಾಡಿಯಲ್ಲಿ ಒಂದು ಚಕ್ರ ಗಾಳಿಗೆ ಬಂತೋ, ಎಂಜಿನ್ ಶಕ್ತಿಯೆಲ್ಲ ಅಲ್ಲೇ ಗಿರಗಿರ ತಿರುಗಿ ಹಾಳು. ಮೊದಲು ಸಲೀಸಾಗಿ ಹತ್ತಿಸ್ತಿದ್ದ ಏರು ಏರಿಸಿದ ಮೇಲೆ ಹತ್ತಲಿಲ್ಲ. ತಮಾಷೆ ಅಂದ್ರೆ ಇದೇ.

ಇಷ್ಟೇ ಆಗಿದ್ರೆ ನಕ್ಕು ಸುಮ್ಮನಾಗಬಹುದಿತ್ತು. ಈಗ ಮುಜುಗರದ ಭಾಗಕ್ಕೆ ಬರ್ತೀನಿ.

ಅಕ್ಟೋಬರ್ ತಿಂಗಳು. ಮಳೆ ಹೊಳವಾಗಿತ್ತು. ಕೆಳಗಿನ ಅರೇಬಿಕಾಕ್ಕೆ ಬೋರ್ಡೋ ಹೊಡೆದು ಸಂಜೆ ವಾಪಸ್ ಬರ್ತಿದ್ವಿ. ಹಿಂದೆ ನಾಲ್ಕು ಜನ, ಜೊತೆಗೆ 200 ಲೀಟರ್ ಡ್ರಂನಲ್ಲಿ ಅರ್ಧ ದ್ರಾವಣ ಉಳಿದಿತ್ತು. ಹಳ್ಳದ ಮೇಲಿನ ತಿರುವಲ್ಲಿ ದಾರಿ ಹಳ್ಳದ ಕಡೆ ಓರೆ ಇದೆ. ಹದಿನೈದು ವರ್ಷ ಅದೇ ತಿರುವಲ್ಲಿ ಕಣ್ಣು ಮುಚ್ಚಿ ಓಡಿಸಿದ್ದೀನಿ. ಆವತ್ತು ಧರೆ ಕಡೆಯ ಹಿಂದಿನ ಚಕ್ರ ಒಂದು ಕಲ್ಲು ಹತ್ತಿತು. ದೊಡ್ಡ ಕಲ್ಲೇನಲ್ಲ, ಒಂದು ಮುಷ್ಟಿ ಗಾತ್ರ ಅಷ್ಟೇ. ಡ್ರಂ ನೀರು ಒಂದು ಕಡೆಗೆ ನುಗ್ಗಿತು, ಜನ ಅದೇ ಕಡೆ ವಾಲಿದ್ರು, ಜೀಪು ಹಳ್ಳದ ಕಡೆ ಮಗುಚೋಕೆ ಹೊರಟಿತು. ದಾರಿ ಅಂಚಿನ ಸಿಲ್ವರ್ ಮರಕ್ಕೆ ಒರಗಿ ನಿಂತಿತು. ಆ ಮರ ಇಲ್ಲದಿದ್ರೆ ಈ ಬರಹ ಬೇರೆ ಯಾರೋ ಬರೀತಿದ್ರು.

ಮೂರು ಜನಕ್ಕೆ ತರಚು ಗಾಯ. ನಮ್ಮ ತೋಟದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡೋ ಒಬ್ಬರು, ನಾನು ಅಕ್ಕ ಅಂತಲೇ ಕರೆಯೋದು, ಡ್ರಂ ಮತ್ತು ಬಾಡಿ ನಡುವೆ ಸಿಕ್ಕಿ ಬಲಗೈ ಮಣಿಕಟ್ಟಿನ ಮೂಳೆ ಮುರೀತು. ಆಸ್ಪತ್ರೆ ಖರ್ಚು ಕೊಟ್ಟೆ, ಕೈ ಸರಿ ಹೋಗೋವರೆಗೆ ದಿನಗೂಲಿ ಕೊಟ್ಟೆ. ಆದ್ರೆ ತೋಟದ ಲೆಕ್ಕ ಗೊತ್ತಿದ್ದವರಿಗೆ ಗೊತ್ತು, ಹಣ್ಣು ಕೊಯ್ಲಿನಲ್ಲಿ ಕೆಜಿ ಲೆಕ್ಕಕ್ಕೆ ಕೊಯ್ಯೋರು ದಿನಗೂಲಿಗಿಂತ ಎಷ್ಟೋ ಜಾಸ್ತಿ ದುಡೀತಾರೆ. ವರ್ಷದ ಉಳಿತಾಯ ಅಂತ ಏನಾದ್ರೂ ಇದ್ರೆ ಆ ಎರಡು ಮೂರು ತಿಂಗಳದ್ದು. ಅಕ್ಕನಿಗೆ ಆ ವರ್ಷ ಅದು ಹೋಯ್ತು. "ಹೋಗ್ಲಿ ಬಿಡಿ, ಜೀವ ಉಳೀತಲ್ಲ" ಅಂದ್ರು. ಅವರು ಬಿಟ್ರೂ ನಾನು ಬಿಡೋಕೆ ಆಗಲ್ಲ.

ಎಲ್ಲಾ ತಪ್ಪನ್ನೂ ಲಿಫ್ಟ್ ಮೇಲೆ ಹಾಕಲ್ಲ. ಅರ್ಧ ಡ್ರಂ ನೀರು ಕಟ್ಟದೇ ಇಟ್ಟಿದ್ದು ನಾನು. ಅದರ ಪಕ್ಕ ಜನ ಕೂರಿಸಿದ್ದು ನಾನು. ಆದ್ರೆ ಇದನ್ನೆಲ್ಲ ಮೊದಲೂ ಮಾಡ್ತಿದ್ದೆ, ತಪ್ಪಿಸಿಕೊಳ್ತಿದ್ದೆ. ಇಷ್ಟು ವರ್ಷ ತಪ್ಪು ಮಾಡಿದ್ರೂ ಉಳಿಸಿದ್ದ ಅಂತರವನ್ನ ಆ 3 ಇಂಚು ತಿಂದು ಹಾಕಿತ್ತು.

ಇದನ್ನ ಲೆಕ್ಕ ಹಾಕಿಯೇ ನೋಡಬಹುದು. ಹುಡುಗನ ಥಾರ್ ತಗೊಳ್ಳಿ. ಎಡ ಬಲ ಚಕ್ರಗಳ ನಡುವೆ 1520 ಮಿ.ಮೀ., ಅದರ ಅರ್ಧ 760. ಗಾಡಿಯ ತೂಕದ ಕೇಂದ್ರ ನೆಲದಿಂದ 750 ಮಿ.ಮೀ. ಮೇಲಿದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನಿಂತಲ್ಲೇ ಪಕ್ಕಕ್ಕೆ ವಾಲಿಸ್ತಾ ಹೋದ್ರೆ ಸುಮಾರು 45 ಡಿಗ್ರಿಗೆ ಮಗುಚುತ್ತೆ. 3 ಇಂಚು ಏರಿಸಿದ್ರಿ. ಆಕ್ಸಲ್, ಚಕ್ರ ಏರಲ್ಲವಾದ್ದರಿಂದ ತೂಕದ ಕೇಂದ್ರ ಒಂದು 60 ಮಿ.ಮೀ. ಏರಿತು ಅನ್ನಿ. ಈಗ 43 ಡಿಗ್ರಿಗೇ ಮಗುಚುತ್ತೆ. ಎರಡು ಡಿಗ್ರಿ ಅಷ್ಟೇನಾ ಅಂತೀರಿ. 1520 ಮಿ.ಮೀ. ಅಗಲದ ಗಾಡಿಯಲ್ಲಿ ಎರಡು ಡಿಗ್ರಿ ಚಿಲ್ಲರೆ ಅಂದ್ರೆ ಒಂದು ಕಡೆಯ ಚಕ್ರ ಎರಡೂಕಾಲು ಇಂಚು ಮೇಲೇರಿದ ಹಾಗೆ. ಒಂದು ಮುಷ್ಟಿ ಗಾತ್ರದ ಕಲ್ಲು!

ಅದೂ ಕಾಗದದ ಲೆಕ್ಕ. ನಿಜವಾದ ಗಾಡಿ ಸ್ಪ್ರಿಂಗ್ ಮೇಲೆ ವಾಲುತ್ತೆ, ಜನ ಎತ್ತರದಲ್ಲಿ ಕೂತಿರ್ತಾರೆ, ನೀರು ತುಳುಕುತ್ತೆ, ಚಕ್ರ ಓಡ್ತಾ ಓಡ್ತಾ ಕಲ್ಲು ಹತ್ತುತ್ತೆ. 45 ಅನ್ನೋದು ಎಂದೂ ಸಿಗಲ್ಲ. ಇರೋ ಸ್ವಲ್ಪದರಲ್ಲೇ ಎರಡು ಡಿಗ್ರಿ ಕಳಕೊಂಡ ಹಾಗೆ. ನಮ್ಮ ಹಳೇ ಜೀಪುಗಳು ಇನ್ನೂ ಕಿರಿದು, ಅವುಗಳ ಪಾಡು ಇನ್ನೂ ಕಷ್ಟ.

ಆಮೇಲೆ ಬೇರೊಬ್ಬ ಹಳೇ ಮೇಸ್ತ್ರಿ ಹತ್ರ ಜೀಪು ಬಿಟ್ಟೆ. ಅವರು ಸೇರಿಸಿದ್ದ ಪ್ಲೇಟೆಲ್ಲ ತೆಗೆದು, ಹಳೇ ಪ್ಲೇಟು ಹೊರಗಿಟ್ಟು ತೋರಿಸಿದ್ರು. "ನಿಮ್ಮ ಜೀಪು ಕುಗ್ಗಿ ಕೂತಿದೆ ಯಜಮಾನ್ರೆ, ಹೊಸದಿದ್ದಾಗ ಎಷ್ಟಿತ್ತೋ ಅದಕ್ಕಿಂತ ಎರಡು ಇಂಚು ಕೆಳಗೆ" ಅಂದ್ರು. ವರ್ಷಗಟ್ಟಲೆ ಮೂಟೆ ಹೊತ್ತು ಪ್ಲೇಟಿನ ಬಾಗು ಹೋಗಿ ಚಪ್ಪಟೆ ಆಗಿತ್ತು, ಬುಷ್ ಸವೆದಿತ್ತು. ಪ್ಲೇಟು ಬಾಗಿಸಿ, ಒಂದೆರಡು ಬದಲಿಸಿ, ಬುಷ್, ಯು-ಬೋಲ್ಟ್ ಹೊಸದು ಹಾಕಿ, ಶಾಕ್ ಅಬ್ಸಾರ್ಬರ್ ಬದಲಿಸಿ ಕೊಟ್ರು. ಜೀಪು ತನ್ನ ಸ್ವಂತ ಎತ್ತರಕ್ಕೆ ಬಂತು. ನನಗೆ ಬೇಕಿದ್ದ ಎತ್ತರ ಮೊದಲೇ ನನ್ನ ಜೀಪಲ್ಲಿತ್ತು, ನಾನೇ ಕಳೆದಿದ್ದೆ. ಹಳೇ ಗಾಡಿ ಇರೋರು ಕಿಟ್ ವಿಚಾರಿಸೋಕೆ ಮೊದಲು ಇದೊಂದು ಅಳತೆ ನೋಡಿ.

ಹಾಗಾದ್ರೆ ಲಿಫ್ಟ್ ಯಾರಿಗೂ ಬೇಡವಾ? ಬೇಕಾದವರು ಇದ್ದಾರೆ. ಏರು ಶುರುವಾಗೋ ಕಡೆ ಬಂಪರ್ ತಾಗ್ತಿದ್ರೆ, ಉಬ್ಬು ದಾಟುವಾಗ ಚಾಸಿ ನಡುವೆ ತಾಗ್ತಿದ್ರೆ, ಯಾವಾಗಲೂ ಭಾರ ಹೇರಿ ಹಿಂಭಾಗ ಕೂತೇ ಇರ್ತಿದ್ರೆ, ಅಂಥವರಿಗೆ ಸರಿಯಾದ ಸ್ಪ್ರಿಂಗ್ ಸೆಟ್ ಉಪಯೋಗಕ್ಕೆ ಬರುತ್ತೆ. ಅವರಿಗೆ ನನ್ನ ಅನುಭವದ ನಾಲ್ಕು ಮಾತು.

ಮೊದಲು ತೂಕ ಬರೆದಿಡಿ. ದಿನಾ ಎಷ್ಟು ಹೊರುತ್ತೆ? ವರ್ಷಕ್ಕೆ ಹತ್ತು ದಿನ ಹತ್ತು ಮೂಟೆ ಹೊರೋದನ್ನ ಲೆಕ್ಕಕ್ಕೆ ಹಿಡಿಯಬೇಡಿ. ಸ್ಪ್ರಿಂಗ್ ಆರಿಸೋದು ತೂಕ ನೋಡಿ, ಎತ್ತರ ಆಮೇಲೆ. 300 ಕೆಜಿ ಹೊರೋಕೆ ಮಾಡಿದ ಸ್ಪ್ರಿಂಗನ್ನ ಇಬ್ಬರೇ ಓಡಾಡೋ ಗಾಡಿಗೆ ಹಾಕಿದ್ರೆ ಬೆನ್ನು ನಿಮ್ಮದು ಹೋಗುತ್ತೆ. ಅಂಗಡಿಯವರು ನಿಮ್ಮ ಭಾರ ಎಷ್ಟು ಅಂತ ಕೇಳದೆ ಬರೀ ಇಂಚಿನ ಮಾತಾಡಿದ್ರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು, ಯಾವ ಥರ ಏರಿಸ್ತಾರೆ ಕೇಳಿ. ಸ್ಪೇಸರ್ ಅಂತ ಸ್ಪ್ರಿಂಗ್ ಮೇಲೆ ಒಂದು ಬಿಲ್ಲೆ ಇಡ್ತಾರೆ. ಅಗ್ಗ. ಗಾಡಿ ಎತ್ತರ ಕಾಣುತ್ತೆ, ಆದ್ರೆ ಹಳೇ ಶಾಕ್ ಅಬ್ಸಾರ್ಬರೇ ಇದ್ರೆ ಚಕ್ರ ಕೆಳಗಿಳಿಯೋ ಜಾಗ ಅಷ್ಟು ಕಮ್ಮಿ ಆಗುತ್ತೆ. ಬಾಡಿ ಲಿಫ್ಟ್ ಅಂತ ಇನ್ನೊಂದಿದೆ, ಚಾಸಿ ಬಿಟ್ಟು ಮೇಲಿನ ಡಬ್ಬ ಮಾತ್ರ ಏರುತ್ತೆ. ದೊಡ್ಡ ಟೈರ್ ಹಿಡಿಸೋಕೆ ಜಾಗ ಆಗುತ್ತೆ, ಚಾಸಿ ಹೊಟ್ಟೆ ಅಲ್ಲೇ ಇರುತ್ತೆ. ಲೀಫ್ ಜೀಪಲ್ಲಿ ಆಕ್ಸಲ್ ಕೆಳಗಿರೋ ಪ್ಲೇಟನ್ನ ಮೇಲೆ ಕೂರಿಸೋದು ಒಂದಿದೆ, ಒಂದೇ ಸಲಕ್ಕೆ ನಾಲ್ಕೈದು ಇಂಚು ಏರಿಬಿಡುತ್ತೆ. ಜನ ಕೂರಿಸೋ ತೋಟದ ಜೀಪಿಗೆ ಅದು ಬೇಡವೇ ಬೇಡ. ಮಾಡಿಸೋದಿದ್ರೆ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದೋ ಶಾಕ್ ಅಬ್ಸಾರ್ಬರ್ ಒಟ್ಟಿಗೆ, ಎತ್ತರ ಒಂದೂವರೆಯಿಂದ ಎರಡು ಇಂಚು. ಅದರ ಮೇಲೆ ನಾನಂತೂ ಹೋಗಲ್ಲ.

ಮೂರನೆಯದು, ಏರಿದ ಮೇಲೆ ಜೊತೆಗೆ ಏನೇನು ಬದಲಾಗಬೇಕು ಅಂತ ಮೊದಲೇ ಕೇಳಿ. ಬ್ರೇಕ್ ಹೋಸ್ ಉದ್ದ ಸಾಲುತ್ತಾ? ಕಾಯಿಲ್ ಸ್ಪ್ರಿಂಗ್ ಗಾಡಿಯಲ್ಲಿ ಆಕ್ಸಲನ್ನ ಅಡ್ಡ ಹಿಡಿಯೋ ಪ್ಯಾನ್‌ಹಾರ್ಡ್ ರಾಡ್ ಇದ್ರೆ, ಏರಿಸಿದಾಗ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತೆ, ಅದನ್ನ ಸರಿ ಮಾಡಬೇಕು. ಥಾರ್ ಮುಂದಿನ ಚಕ್ರಗಳಿಗೆ ಇಡೀ ಆಕ್ಸಲ್ ಇಲ್ಲ, ಎರಡೂ ಬೇರೆ ಬೇರೆ ಏರಿಳಿಯುತ್ತೆ. ಜಾಸ್ತಿ ಏರಿಸಿದ್ರೆ ಅಲ್ಲಿಯ ಸಿ.ವಿ. ಜಾಯಿಂಟ್ ಓರೆಯಾಗಿ ರಬ್ಬರ್ ಬೂಟು ಹರಿದು ಕೆಸರು ಒಳಗೆ ಹೋಗುತ್ತೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ಒಂದು ಸರಳು ಜೋಡಿಸಿ, ಭಾರ ಎಷ್ಟಿದೆ ನೋಡಿ ಹಿಂದಿನ ಬ್ರೇಕ್ ಹೆಚ್ಚು ಕಮ್ಮಿ ಮಾಡೋ ವಾಲ್ವ್ ಇರುತ್ತೆ. ಏರಿಸಿದ ಗಾಡಿಯಲ್ಲಿ ಅದು ಗಾಡಿ ಖಾಲಿ ಇದೆ ಅಂತ ತಿಳಕೊಂಡು ಹಿಂದಿನ ಬ್ರೇಕ್ ಕಮ್ಮಿ ಕೊಡುತ್ತೆ. ಭಾರ ಹೇರಿ ಘಾಟಿ ಇಳಿಯುವಾಗ ಏನಾಗುತ್ತೆ ನೀವೇ ಯೋಚಿಸಿ. ಕೊನೆಗೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಇಳಿಸೋದು. ಎದುರಿಂದ ಬರೋನ ಕಣ್ಣಿಗೆ ಬೆಳಕು ಹೊಡೀತಿದ್ರೆ ಅವನು ನಮ್ಮ ಮೇಲೇ ಬರ್ತಾನೆ.

ನಾಲ್ಕನೆಯದು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ನೋಂದಣಿ ಪತ್ರದ ವಿವರ ಹೊಂದದೇ ಹೋಗುವಂಥ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಎಲ್ಲರೂ ಮಾಡಿಸ್ತಾರೆ, ಯಾರೂ ಹಿಡಿಯಲ್ಲ ಅಂತೀರಿ. ಹಿಡಿಯದೇ ಇರಬಹುದು. ಅಪಘಾತ ಆದ ದಿನ ಇನ್ಶೂರೆನ್ಸ್‌ನವರು ಗಾಡಿಯ ಫೋಟೋ ನೋಡಿ ಕೇಳೋ ಮೊದಲ ಪ್ರಶ್ನೆ ಇದೇ ಆಗಬಹುದು. ಆವತ್ತು ಹಿಂದೆ ಕೂತಿದ್ದವರ ಆಸ್ಪತ್ರೆ ಬಿಲ್ಲು ಯಾರು ಕಟ್ಟೋದು? ಹಾಗಾಗಿ ಮಾಡಿಸೋಕೆ ಮುಂಚೆ ಆರ್‌ಟಿಒ ಹತ್ರ, ಇನ್ಶೂರೆನ್ಸ್ ಹತ್ರ ಎರಡೂ ಕಡೆ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ.

ಇಷ್ಟೆಲ್ಲ ಫೋನಲ್ಲಿ ಹೇಳಿದ್ರೆ ಹುಡುಗ ಕೇಳ್ತಾನಾ? "ಗಾಡಿ ತಗೊಂಡು ಬಾ, ಇಲ್ಲೇ ತೀರ್ಮಾನ ಮಾಡೋಣ" ಅಂದೆ. ಶನಿವಾರ ಬಂದ. ಮೊದಲು ಗಾಡಿ ಅಡಿಭಾಗ ಪೂರ್ತಿ ತೊಳೆಸಿದೆ. ಆಮೇಲೆ ಮನೆಯಿಂದ ಹಳ್ಳದವರೆಗೆ, ಹಳ್ಳದಿಂದ ಗದ್ದೆವರೆಗೆ ಎರಡು ಸಲ ಓಡಿಸಿದ. ವಾಪಸ್ ಬಂದ ಮೇಲೆ ಟಾರ್ಚ್ ಕೊಟ್ಟು ಗಾಡಿ ಕೆಳಗೆ ಮಲಗಿಸಿದೆ. ಎಲ್ಲೆಲ್ಲಿ ತಾಗಿದೆಯೋ ಅಲ್ಲಿ ಮಣ್ಣು ಮೆತ್ತಿ, ಬಣ್ಣ ಕೆರೆದಿರುತ್ತೆ, ಅದನ್ನ ನೋಡು ಅಂದೆ.

ಅವನಿಗೆ ಸಿಕ್ಕಿದ್ದು ಎರಡೇ ಜಾಗ. ಒಂದು, ಅವನೇ ಆಮೇಲೆ ಹಾಕಿಸಿದ್ದ ಪಕ್ಕದ ಫುಟ್‌ಬೋರ್ಡ್. ಎರಡು, ಹಿಂದಿನ ಡಿಫರೆನ್ಷಿಯಲ್ ಗುಂಡು. ಮೊದಲನೆಯದಕ್ಕೆ ಸ್ಪ್ಯಾನರ್ ಸಾಕು. ಎರಡನೆಯದಕ್ಕೆ ಲಿಫ್ಟಿಂದ ಏನೂ ಆಗಲ್ಲ ಅಂತ ನಿಮಗೀಗ ಗೊತ್ತು. ಆ ಗಾಡಿ ಕಂಪನಿಯಿಂದ ಬರುವಾಗಲೇ 226 ಮಿ.ಮೀ. ನೆಲದಂತರ ಇಟ್ಟುಕೊಂಡು ಬಂದಿದೆ. ನಮ್ಮ ದಾರಿಗೆ ಅದು ಧಾರಾಳ. ದಿಬ್ಬದ ಮೇಲೆ ಒಂದು ಚಕ್ರ ಇಟ್ಟು ಓಡಿಸೋದು ಹೇಗೆ ಅಂತ ತೋರಿಸಿದೆ. ಕೆಸರು ಏರಿನಲ್ಲಿ ಟೈರ್ ಗಾಳಿ 20 ಪಿಎಸ್‌ಐಗೆ ಇಳಿಸಿ ಹತ್ತಿಸಿದ. ಮೊದಲು ಜಾರಿದ್ದ ಕಡೆಯೇ ಸುಮ್ಮನೆ ಹತ್ತಿತು. ಟಾರ್ ರೋಡಿಗೆ ಬರೋಕೆ ಮುಂಚೆ ಗಾಳಿ ಮತ್ತೆ ತುಂಬಬೇಕು, ಅದಕ್ಕೆ ಒಂದು ಸಣ್ಣ ಕಂಪ್ರೆಸರ್ ತಗೋ ಅಂದೆ. ಸದ್ಯಕ್ಕೆ ಅವನ ಲಿಫ್ಟ್ ಕಿಟ್ ಅಂದ್ರೆ ಅದೇ.

ಸಂಜೆ ಫುಟ್‌ಬೋರ್ಡ್ ಬಿಚ್ಚುವಾಗ ಅಕ್ಕ ಕಣದಿಂದ ಬಂದ್ರು. "ಇದನ್ನೂ ಏರಿಸ್ತೀರಾ ಅಯ್ಯಾ?" ಅಂತ ಕೇಳಿದ್ರು. ಇಲ್ಲ ಅಂದೆ. "ಹಾಗಾದ್ರೆ ನಾನೂ ಒಂದಿನ ಕೂರ್ತೀನಿ" ಅಂತ ನಕ್ಕು ಹೋದ್ರು. ಆವತ್ತಿಂದ ಅವರು ನನ್ನ ಜೀಪು ಹತ್ತಿಲ್ಲ, ಎಷ್ಟೇ ದೂರ ಇರಲಿ ನಡೆದೇ ಹೋಗ್ತಾರೆ. ಜೀಪು ಇಳಿಸಿ ವರ್ಷಗಳಾಗಿವೆ, ಕರೆದು ಕೂರಿಸೋ ಧೈರ್ಯ ನನಗೂ ಬಂದಿಲ್ಲ.

ನಿಮ್ಮ ಗಾಡಿ, ನಿಮ್ಮ ದುಡ್ಡು. ಶೋಕಿಗೆ ಏರಿಸ್ತೀನಿ ಅಂದ್ರೆ ಅದೂ ನಿಮ್ಮ ಇಷ್ಟ, ಒಬ್ಬರೇ ಓಡಿಸಿಕೊಳ್ಳಿ. ಹಿಂದೆ ಜನ ಕೂರಿಸೋ ಗಾಡಿಯಾದ್ರೆ ಮಾತ್ರ, ಎಷ್ಟು ಇಂಚು ಅಂತ ಕೇಳೋಕೆ ಮುಂಚೆ ಒಂದು ಸಲ ಕೆಳಗೆ ಮಲಗಿ ನೋಡಿ. ಏನು ತಾಗ್ತಿದೆ, ಯಾಕೆ ತಾಗ್ತಿದೆ. ನೋಡಿದ ಮೇಲೆ ನಿಮಗೇನು ಸಿಕ್ತು ಅಂತ ಇಲ್ಲಿ ಬರೆದ್ರೆ ಉಳಿದವರಿಗೂ ಉಪಯೋಗ.